ಮೀಟರ್ ಓದುವವನು

ಆಗಸ್ಟಿನ ಚಳಿ. ಶನಿವಾರ ಬೆಳಿಗ್ಗೆ
ಬೋಚಾಸ್ ಕ್ಲಬ್ಬಿನ ತಗಡಿನ ಸೂರಿನಡಿ
ಹದಿನಾಲ್ಕು ಮಂದಿ ಕುರ್ಚಿ ಎಳೆದುಕೊಂಡು ಕೂತೆವು:
ಬಸ್ಸಿನ ಕಂಡಕ್ಟರು, ಇಬ್ಬರು ಕ್ಷೌರಿಕರು,
ಭತ್ತದ ಗಿರಣಿಯ ರಾತ್ರಿ ಕಾವಲಿನವ,
ಮಾಂಸದಂಗಡಿಯ ದಾರ್ದೊ, ಲಾಟರಿ ಮಾರುವ ಎತೆಲ್ವೀನಾ,
ಮತ್ತೆ ನಾನು, ನೀರಿನ ಮೀಟರ್ ಓದುವವನು.
ಡಾಕ್ಟರು ಎಂಬವರು ಯಾರೂ ಇರಲಿಲ್ಲ.
ಅದಕ್ಕೇ ನಮ್ಮನ್ನು ಕರೆದದ್ದು.

ಉರುಗ್ವೆಯ ನಕಾಶೆಯಲ್ಲಿ ನೊಣ ಕೂತರೆ ಮುಚ್ಚಿಹೋಗುವ ಊರು,
ಡಾಕ್ಟರು ಬರುವುದು ಗುರುವಾರ ಮಾತ್ರ.
"ದುಃಖ ವಾರ ನೋಡಿ ಬರುವುದಿಲ್ಲ" ಎಂದಳು ನಿಬಿಯಾ,
ಮೂವತ್ತು ವರ್ಷ ನರ್ಸಾಗಿದ್ದವಳು,
ಈಗ ನೋಯುವ ಮೊಣಕಾಲು ಒತ್ತಿಕೊಳ್ಳುತ್ತ ಪಾಠ ಹೇಳುವವಳು.

ಸೋರೆಬುರುಡೆಯಲ್ಲಿ ಬಿಸಿ ಮಾತೇ ಕಷಾಯ
ಕೈಯಿಂದ ಕೈಗೆ ಸುತ್ತಿತು, ಎರಡು ಸುತ್ತು, ಮೂರು ಸುತ್ತು.
ಮಾತು ಸುತ್ತಲಿಲ್ಲ.
ಎಲ್ಲರ ಮನೆಯಲ್ಲೂ ಇದ್ದರು
ಹೆಸರೆತ್ತದೆ ದಾಟಿಬಿಡುವ ಒಬ್ಬೊಬ್ಬರು.

"ಸುತ್ತಿ ಬಳಸಬೇಡಿ, ನೆಟ್ಟಗೆ ಕೇಳಿ:
ಸಾಯಬೇಕು ಅನ್ನಿಸುತ್ತಿದೆಯಾ?
ಕೇಳಿದರೆ ಬೀಜ ಬಿತ್ತಿದಂತಾದೀತೆಂದು ಹೆದರಬೇಡಿ.
ಅದು ಮೊದಲೇ ಬೇರು ಬಿಟ್ಟಿದ್ದರೆ,
ಬೇರಿನ ಪಕ್ಕ ಒಂದು ಜೀವ ಬಂದು ಕೂತಿತು, ಅಷ್ಟೆ."
"ಆಮೇಲೆ?" ಅಂದ ಕಂಡಕ್ಟರು.
"ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ. ಕಷ್ಟ ಅದೇ."

ಜೋಡಿ ಮಾಡಿದಳು. ನನ್ನೆದುರು ದಾರ್ದೊ,
ಕೈಯಲ್ಲೊಂದು ಚೀಟಿ, ಚೀಟಿಯಲ್ಲಿ ಯಾರದೋ ಹೆಸರು, ಯಾರದೋ ದುಃಖ.
ನಾನು ಕೇಳಿದೆ: ಫುಟ್ಬಾಲು. ಮಳೆ. ದನದ ಮಾಂಸದ ರೇಟು.
ಆ ಒಂದು ಪದ ಮೀನಿನ ಮುಳ್ಳಾಗಿ ಗಂಟಲಲ್ಲಿ ನಿಂತಿತು.
ಐದನೆಯ ಸಲಕ್ಕೆ ಹೊರಗೆ ಬಂತು, ಪಿಸುಗುಟ್ಟಿದ ಹಾಗೆ.
ದಾರ್ದೊ ನಕ್ಕ. ಆಮೇಲೆ ನಗಲಿಲ್ಲ.
ಚೀಟಿ ಮಡಿಸಿ ಜೇಬಿಗಿಟ್ಟು
"ನನ್ನ ತಮ್ಮನನ್ನು ಯಾರೂ ಹೀಗೆ ಕೇಳಲಿಲ್ಲ" ಅಂದ.
"ನಾನೂ."
ಎತೆಲ್ವೀನಾ ಬುರುಡೆ ಅವನ ಕೈಗೆ ಕೊಟ್ಟಳು,
ಸರದಿ ಅವನದಲ್ಲದಿದ್ದರೂ.

ನಾನು ಓದುವುದು ಅಂಕಿ.
ಹನ್ನೊಂದು ವರ್ಷದಿಂದ ಗೇಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು
ಮುಚ್ಚಳ ಎತ್ತಿ, ಗಾಜಿನ ಮೇಲಿನ ಮಂಜು ಒರೆಸಿ.
ಯಾವ ಮನೆಗೆ ಕೂಸು ಬಂತು, ಯಾರ ಮನೆಯಲ್ಲಿ ನೆಂಟರು,
ಅಂಕಿಗೆ ಗೊತ್ತು. ಬರೆದುಕೊಂಡು ಮುಂದಿನ ಗೇಟಿಗೆ.

ಸ್ಟೇಷನ್ ಬೀದಿ; ರೈಲು ಮರೆತ ಬೀದಿ.
ಸಂಗೀತದ ಟೀಚರ್ ವಾಲ್ಕಿರಿಯಾ.
ಹೋದ ತಿಂಗಳು ಎಂಟು. ಈ ತಿಂಗಳು ಒಂದು.
ಊರಲ್ಲಿಲ್ಲ ಎನ್ನೋಣವೆಂದರೆ ಕಿಟಕಿಯಲ್ಲಿ ದೀಪ.
ಒಂದು ಎಂದು ಬರೆದೆ.
ಪೆನ್ನು ಜೇಬಿಗೆ ಹೋಗಲೊಲ್ಲದು.

ಬಾಗಿಲು ಅರ್ಧ ತೆರೆಯಿತು. "ಮೀಟರ್ ಹೊರಗಿದೆಯಲ್ಲ."
"ಓದಿದೆ. ಅದಕ್ಕೇ ಬಂದೆ."
ಮಳೆ ನೆನಪಾಯಿತು, ಫುಟ್ಬಾಲು ನೆನಪಾಯಿತು.
ಕೇಳಿದೆ.
ಬಾಯಿ ಮುಚ್ಚಿಕೊಂಡೆ.
ಎಷ್ಟು ಹೊತ್ತೋ. ನಾಯಿಯೊಂದು ಬೀದಿ ದಾಟಿತು,
ಏನೋ ಮರೆತಂತೆ ವಾಪಸು ದಾಟಿತು.
"ಹೌದು" ಎಂದಳು,
ಹಳೆಯ ಬಾಕಿ ಒಪ್ಪಿಕೊಂಡವಳಂತೆ, ಸಣ್ಣಗೆ.

ಬುದ್ಧಿ ಹೇಳಲಿಲ್ಲ. ದೇವರನ್ನು ಎಳೆದು ತರಲಿಲ್ಲ.
"ಇಲ್ಲೇ ಕೂರುತ್ತೇನೆ" ಎಂದು ಮೆಟ್ಟಿಲ ಮೇಲೆ ಕೂತೆ.
ಇಬ್ಬರೂ ಸೇರಿ ನಿಬಿಯಾಗೆ ಫೋನು ಮಾಡಿದೆವು.
ಅವಳು ಆ ಮೊಣಕಾಲು ಎಳೆದುಕೊಂಡು ಬರುವ ತನಕ
ಇಪ್ಪತ್ತಾರು ಮೀಟರು ಓದದೆ ಉಳಿದವು.
ಒಳಗೆ ವಾಲ್ಕಿರಿಯಾ ಕೆಟಲಿಗೆ ನೀರು ಹಿಡಿದ ಸದ್ದು.
ಮುಚ್ಚಳದ ಕೆಳಗೆ ಆ ಪುಟ್ಟ ಕೆಂಪು ಚಕ್ರ ತಿರುಗಿರಬೇಕು,
ನಾನು ನೋಡಲಿಲ್ಲ.

ಆಮೇಲಿನದೆಲ್ಲ ನನಗೆ ಗೊತ್ತಿಲ್ಲ.
ಗುರುವಾರಗಳು ಬಂದವು. ಕೆಲವು ವಾರ ತೀರ ಕೆಟ್ಟವಿದ್ದವು,
ಮೆಟ್ಟಿಲ ಮೇಲೆ ಒಮ್ಮೆ ದಾರ್ದೊ ಕೂತಿದ್ದ, ಒಮ್ಮೆ ಕಂಡಕ್ಟರು.

ನವೆಂಬರಿನಲ್ಲಿ ಗೇಟಿನ ಬಳಿ ಅಡ್ಡಗಟ್ಟಿ
"ಒಂಬತ್ತು ಯೂನಿಟ್ಟಾ? ಅಷ್ಟೊಂದು ಯಾರು ಬಳಸಿದರು?
ನಿನ್ನ ಕಣ್ಣೇ ಸರಿಯಿಲ್ಲ" ಎಂದು ಜಗಳ ತೆಗೆದಳು.
ಮತ್ತೆ ಕುಕ್ಕುರುಗಾಲಲ್ಲಿ ಕೂತೆ,
ಮುಚ್ಚಳ ಎತ್ತಿ ಗಾಜು ಒರೆಸಿದೆ,
ಅವಳೇ ಓದಿಕೊಳ್ಳಲೆಂದು
ಪಕ್ಕಕ್ಕೆ ಸರಿದೆ.